ಯುವಕ ಮಂಡಳಿಯ ನಿಯಮಾವಳಿ

ಯುವಕ ಮಂಡಳಿ ಎಂಬುದು ಒಂದು ಊರಿನ ಅಥವಾ ಕೆಲವು ಮಜರೆಗಳ ತರುಣರು ಸ್ವಇಚ್ಛೆಯಿಂದ ಕಟ್ಟಿಕೊಳ್ಳುವ ಸ್ಥಳೀಯ ಸಂಘವಾಗಿದೆ. ತರುಣಿಯರ ಸಂಘಕ್ಕೆ ಯುವತಿ ಮಂಡಳಿ ಎಂದು ಹೆಸರು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಇಂತಹ ಮಂಡಳಿಗಳು ಕ್ರೀಡೆ, ಯಕ್ಷಗಾನ, ಶ್ರಮದಾನ ಮೊದಲಾದ ಕಾರ್ಯಗಳನ್ನು ನಡೆಸುತ್ತ ಬಂದಿವೆ.

ಹಿನ್ನೆಲೆ

ಗ್ರಾಮೀಣ ಯುವಜನರ ಸಂಘಟನೆಗಾಗಿ ಭಾರತ ಸರ್ಕಾರವು 1972ರಲ್ಲಿ ನೆಹರು ಯುವ ಕೇಂದ್ರಗಳನ್ನು ಆರಂಭಿಸಿತು. 1987ರಲ್ಲಿ ಅವು ನೆಹರು ಯುವ ಕೇಂದ್ರ ಸಂಘಟನೆ ಎಂಬ ಸ್ವಾಯತ್ತ ಸಂಸ್ಥೆಯ ಅಡಿಯಲ್ಲಿ ಬಂದವು. ಹಳ್ಳಿಯ ಮಂಡಳಿಗಳು ಈ ಕೇಂದ್ರಗಳೊಂದಿಗೆ ಸಂಯೋಜನೆ ಹೊಂದುವ ಪದ್ಧತಿ ಬೆಳೆಯಿತು.

ಶಿರಸಿ ಸೀಮೆಯಲ್ಲಿ ಮಂಡಳಿಗಳ ಮಹತ್ವವು ಅಪ್ಪಿಕೋ ಚಳವಳಿಯಲ್ಲಿ ವ್ಯಕ್ತವಾಯಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಜನರು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಸ್ಥಳೀಯ ಯುವಕ ಮಂಡಳಿಗಳ ಸದಸ್ಯರು ಹಾಗೂ ಮಹಿಳೆಯರು ಇದರಲ್ಲಿ ಮುಂದಾಗಿದ್ದರು. ಚಳವಳಿಯು ಮುಂದೆ ಸಿದ್ದಾಪುರ ತಾಲೂಕಿಗೂ ಹಬ್ಬಿತು.

ನೋಂದಣಿ

ಮಂಡಳಿಯು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ನೋಂದಣಿ ಪಡೆಯಬಹುದು. ಇದಕ್ಕೆ ಕನಿಷ್ಠ 7 ಮಂದಿ ವಯಸ್ಕ ಸದಸ್ಯರು ಬೇಕು. ಸಂಘದ ಹೆಸರು, ಉದ್ದೇಶ ಮತ್ತು ಆಡಳಿತ ಸಮಿತಿಯ ವಿವರಗಳುಳ್ಳ ಜ್ಞಾಪನ ಪತ್ರವನ್ನೂ ಬೈಲಾವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಶಿಕ್ಷಣ, ಸಾಹಿತ್ಯ, ಲಲಿತಕಲೆ, ಕ್ರೀಡೆಗಳಲ್ಲದೆ ಅರಣ್ಯ, ನೀರು ಮೊದಲಾದ ನೈಸರ್ಗಿಕ ಸಂಪತ್ತಿನ ಸಂರಕ್ಷಣೆಯೂ ಅಧಿನಿಯಮವು ಒಪ್ಪುವ ಉದ್ದೇಶಗಳಲ್ಲಿ ಸೇರಿದೆ.

2014ರ ರಾಷ್ಟ್ರೀಯ ಯುವ ನೀತಿಯು 15ರಿಂದ 29 ವರ್ಷದವರನ್ನು ಯುವಜನರೆಂದು ಗುರುತಿಸುತ್ತದೆ. ಆದರೆ ನೋಂದಣಿಯ ಪತ್ರಗಳಿಗೆ ಸಹಿ ಮಾಡುವವರು 18 ವರ್ಷ ತುಂಬಿದವರಾಗಿರಬೇಕು.

ಆಡಳಿತ

ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಮತ್ತು ಖಜಾಂಚಿ ಸಾಮಾನ್ಯ ಪದಾಧಿಕಾರಿಗಳು. ಅವರ ಅವಧಿ, ಆಯ್ಕೆಯ ವಿಧಾನ, ವಂತಿಗೆ ಮತ್ತು ಸಭೆಯ ಕೋರಂಗಳನ್ನು ಬೈಲಾ ನಿಗದಿಪಡಿಸುತ್ತದೆ. ಮನೆಗಳು ಅಡಿಕೆ ತೋಟಗಳ ನಡುವೆ ದೂರದೂರ ಇರುವ ಊರುಗಳಲ್ಲಿ ಸಭೆಯ ತಿಳಿವಳಿಕೆ ಪತ್ರವನ್ನು ಎಷ್ಟು ದಿನ ಮೊದಲು, ಯಾವ ರೀತಿ ತಲುಪಿಸಬೇಕೆಂಬುದನ್ನೂ ಬೈಲಾದಲ್ಲಿ ಬರೆಯುವುದು ಅಗತ್ಯವಾಗುತ್ತದೆ. ತಿಳಿವಳಿಕೆ ತಲುಪದ ಸದಸ್ಯನು ಸಭೆಯ ನಿರ್ಣಯವನ್ನು ಪ್ರಶ್ನಿಸಬಹುದು.

ಪ್ರತಿ ವರ್ಷ ಸರ್ವಸಾಧಾರಣ ಸಭೆ ಸೇರಬೇಕು. ಅದು ನಡೆದ 14 ದಿನಗಳೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು.

ದಾಖಲೆ ಮತ್ತು ಹಣಕಾಸು

ಸದಸ್ಯರ ಯಾದಿ, ಠರಾವು ಪುಸ್ತಕ, ನಗದು ಪುಸ್ತಕ ಮತ್ತು ರಸೀದಿ ಪುಸ್ತಕಗಳು ಮುಖ್ಯ ದಾಖಲೆಗಳು. ಆಟದ ಸಾಮಗ್ರಿ, ವೇಷಭೂಷಣ, ಪೀಠೋಪಕರಣಗಳಿಗೆ ಪ್ರತ್ಯೇಕ ಯಾದಿ ಇಡಲಾಗುತ್ತದೆ. ಬ್ಯಾಂಕ್ ಖಾತೆಯನ್ನು ಮಂಡಳಿಯ ಹೆಸರಿನಲ್ಲಿ ತೆರೆದು ಇಬ್ಬರು ಪದಾಧಿಕಾರಿಗಳ ಜಂಟಿ ಸಹಿಯಿಂದ ನಡೆಸುವುದು ರೂಢಿ. ಓದು, ಉದ್ಯೋಗ ಅಥವಾ ವಿವಾಹದ ಕಾರಣದಿಂದ ಊರು ಬಿಡುವ ಪದಾಧಿಕಾರಿಗಳು ಇವೆಲ್ಲವನ್ನೂ ಮುಂದಿನವರಿಗೆ ಸಹಿಯೊಂದಿಗೆ ಒಪ್ಪಿಸಬೇಕಾಗುತ್ತದೆ. ದಾಖಲೆಗಳ ಹಸ್ತಾಂತರವಾಗದಿದ್ದರೆ ಖಾತೆಯ ವ್ಯವಹಾರ ನಿಂತು, ಅನುದಾನದ ಅರ್ಜಿಗೂ ತೊಡಕಾಗುತ್ತದೆ.

ವಿಚಾರಣೆ ಮತ್ತು ವಿಸರ್ಜನೆ

ಒಟ್ಟು ಸದಸ್ಯರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿ ಕೋರಿದಲ್ಲಿ ನೋಂದಣಾಧಿಕಾರಿಯು ಮಂಡಳಿಯ ಕಾರ್ಯನಿರ್ವಹಣೆಯ ವಿಚಾರಣೆ ನಡೆಸಬೇಕು. ಮಂಡಳಿಯು ವಿಸರ್ಜನೆಗೊಂಡರೆ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಇನ್ನೊಂದು ಸಂಘಕ್ಕೆ ಸೇರಬೇಕು.