ಮೂತಿ ಎತ್ತುವ ಪಿಕಪ್‌ಗೆ ಯಾವ ಶಾಕ್?

ಅಲ್ ಸದ್ದ್‌ನಲ್ಲಿ ದಿನಾ ಓಡಿಸೋ ಪಿಕಪ್ಪನ್ನೇ ಕತಾರ್ ರೇಸಿಂಗ್ ಕ್ಲಬ್‌ನ ಡ್ರ್ಯಾಗ್ ಟ್ರ್ಯಾಕಿಗೆ ಇಳಿಸಬೇಕು ಅಂದ್ರೆ ಯಾವ ಶಾಕ್ ಅಬ್ಸಾರ್ಬರ್ ಹಾಕೋದು? ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಹೊರಡುವಾಗ ಹಿಂದಿನ ಟೈರು ಇದ್ದಲ್ಲೇ ಸುತ್ತಿಬಿಡುತ್ತೆ. ಭಾರ ಹಿಂದಕ್ಕೆ ಸರಿಯಬೇಕು. ಎಷ್ಟು ಸರಿಯುತ್ತೆ ಅನ್ನೋದು ವೇಗವರ್ಧನೆ, ಭಾರಕೇಂದ್ರದ ಎತ್ತರ, ಮುಂದಿನ–ಹಿಂದಿನ ಚಕ್ರಗಳ ಅಂತರದ ಲೆಕ್ಕ. ಎಷ್ಟು ಬೇಗ ಅನ್ನೋದಷ್ಟೇ ಶಾಕ್ ಕೈಲಿರೋದು.

ಅದಕ್ಕೇ ರೇಸಿನವರು ಮುಂದೆ '90/10' ಶಾಕ್ ಹಾಕ್ತಾರೆ. ಅದು ಸಲೀಸಾಗಿ ಚಾಚುತ್ತದೆ, ಕುಗ್ಗೋಕೆ ಮಾತ್ರ ಒಲ್ಲೆ ಅನ್ನುತ್ತದೆ. ಮೂತಿ ತಟ್ಟನೆ ಏಳುತ್ತೆ, ನಿಧಾನಕ್ಕೆ ಇಳಿಯುತ್ತೆ. ಅದನ್ನೇ ಹಾಕಿಕೊಂಡು ಊರೊಳಗೆ ಬಂದರೆ? ಹಂಪ್ ದಾಟಿದಾಗೆಲ್ಲ ಮುಂಭಾಗ ಮೇಲೇ ಉಳಿದು ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಮಕ್ಕಳನ್ನು ಸ್ಕೂಲಿಗೆ ಬಿಡೋ ಗಾಡಿಗೆ ಇದು ಬೇಡವೇ ಬೇಡ.

ಚಾಚುವಾಗಿನ ಬಿಗಿಯನ್ನು ನಾಬ್ ತಿರುಗಿಸಿ ಬದಲಿಸಬಹುದಾದ ಅಡ್ಜಸ್ಟಬಲ್ ಶಾಕ್ ದುಬಾರಿ. ಆದರೂ ನಮ್ಮ ಓಟು ಅದಕ್ಕೇ. ರೇಸ್ ಮುಗಿಸಿ ಮನೆಗೆ ಹೊರಡೋ ಮುಂಚೆ ಆ ನಾಬನ್ನು ಮತ್ತೆ ಬಿಗಿ ಮಾಡೋದು ಮರೀಬೇಡಿ.