ತೆರೆಯ ಮರೆಯಲ್ಲಿ ಉಳಿದ ಚಿತ್ರಗಳು

ಅಚ್ಚಾಗಿ, ಮಾರಾಟವಾಗದೆ, ಪ್ರಕಾಶಕನ ಅಟ್ಟದಲ್ಲಿ ವರ್ಷಾನುಗಟ್ಟಲೆ ಧೂಳು ತಿಂದ ಪುಸ್ತಕವೂ, ಅದರ ಒಂದೇ ಒಂದು ಪ್ರತಿ ಯಾವುದೋ ಊರಿನ ವಾಚನಾಲಯದ ಬೀರುವಿನಲ್ಲಿ ಉಳಿದುಕೊಂಡದ್ದಾದರೆ, ಎಂದಾದರೊಂದು ದಿನ ರಸಿಕನೊಬ್ಬನ ಕೈಸೇರಿ ಪುನರ್ಜನ್ಮ ಪಡೆಯಬಹುದು. ಚಲಚ್ಚಿತ್ರಕ್ಕೆ ಅಂಥ ಭಾಗ್ಯ ಅಪರೂಪ. ಅದು ನಮ್ಮ ಕಣ್ಣಿಗೆ ಬೀಳಬೇಕಾದರೆ ಮೊದಲು ಸುರುಳಿ ಕೆಡದೆ ಉಳಿದಿರಬೇಕು. ಹಕ್ಕುಗಳ ವಿಷಯದಲ್ಲಿ ವ್ಯಾಜ್ಯವಿರಕೂಡದು. ಹಣ ಹೂಡಿ ಹಂಚುವವನೊಬ್ಬ ದೊರೆಯಬೇಕು. ದೊರೆತವನಿಗೆ ಒಂದು ವಾರವನ್ನಾದರೂ ಬಿಟ್ಟುಕೊಡುವ ಚಿತ್ರಮಂದಿರದ ಮಾಲೀಕ ಸಿಕ್ಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ಎಂಥ ಪ್ರತಿಭಾಶಾಲಿಯ ಕೃತಿಯಾದರೂ ತಗಡಿನ ಡಬ್ಬಿಯಲ್ಲಿಯೇ ಕಾಲ ಕಳೆಯಬೇಕಾಗುತ್ತದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ನಮ್ಮ ಮೊತ್ತಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ಲಭ್ಯವಿಲ್ಲವೆಂಬುದನ್ನು ನೆನೆದರೆ, ಈ ಕಲೆಯ ಆಯುಸ್ಸು ಎಷ್ಟು ಅನಿಶ್ಚಿತವೆಂಬುದು ವೇದ್ಯವಾಗುತ್ತದೆ.

ಆದುದರಿಂದ, ಒಂದು ಚಿತ್ರದ ಹೆಸರನ್ನು ನಾವು ಕೇಳಿಲ್ಲವೆಂದ ಮಾತ್ರಕ್ಕೆ ಅದರಲ್ಲಿ ಸತ್ತ್ವವಿಲ್ಲವೆಂದು ತೀರ್ಮಾನಿಸುವುದು ನ್ಯಾಯವಲ್ಲ. ಹಾಗೆಂದು ಮರೆತುಹೋದುದೆಲ್ಲ ಮಾಣಿಕ್ಯವೆಂದು ಭ್ರಮಿಸಬೇಕಾಗಿಯೂ ಇಲ್ಲ. ಮರೆತುಹೋದ ಚಿತ್ರಗಳಲ್ಲಿ ಬಹುಪಾಲು ಮರೆವಿಗೆ ಯೋಗ್ಯವಾದವುಗಳೇ ಎಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳೋಣ. ಈ ಅಧ್ಯಾಯದಲ್ಲಿ ಹೇಳಹೊರಟಿರುವುದು, ತಮ್ಮ ದೋಷದಿಂದಲ್ಲದೆ ಹೊರಗಿನ ಕಾರಣಗಳಿಂದ ಮರೆಗೆ ಸರಿದ ಕೆಲವು ಚಿತ್ರಗಳ ವಿಷಯ.

ಹೊರಗಿನ ಕಾರಣ ಎಷ್ಟು ಕ್ಷುಲ್ಲಕವಾಗಿರಬಹುದೆಂಬುದಕ್ಕೆ ಅಮೆರಿಕದ ಚಾರ್ಲ್ಸ್ ಬರ್ನೆಟ್ಟರ ‘ಕಿಲ್ಲರ್ ಆಫ್ ಶೀಪ್’ ಚಿತ್ರಕ್ಕಿಂತ ಬೇರೆ ನಿದರ್ಶನ ಬೇಡ. ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಕಪ್ಪುಜನರ ವಸತಿಯಲ್ಲಿ ಬೆಳೆದ ಬರ್ನೆಟ್, ವಿಶ್ವವಿದ್ಯಾನಿಲಯದಲ್ಲಿ ಚಲಚ್ಚಿತ್ರ ವ್ಯಾಸಂಗ ಮಾಡುತ್ತಿದ್ದಾಗ, ಹತ್ತು ಸಾವಿರ ಡಾಲರಿಗೂ ಕಡಮೆ ವೆಚ್ಚದಲ್ಲಿ, ವಾರಾಂತ್ಯಗಳಲ್ಲಿ, ನೆರೆಹೊರೆಯವರನ್ನೂ ಗೆಳೆಯರನ್ನೂ ಕೂಡಿಸಿಕೊಂಡು, 16 ಮಿಲಿಮೀಟರಿನ ಕಪ್ಪು ಬಿಳುಪು ಫಿಲ್ಮಿನಲ್ಲಿ ಇದನ್ನು ಚಿತ್ರಿಸಿ, 1977ರಲ್ಲಿ ತಮ್ಮ ಪದವಿಯ ಪ್ರಬಂಧವಾಗಿ ಒಪ್ಪಿಸಿದರು. ಕಥೆಯನ್ನು ಬರೆದವರೂ ಕ್ಯಾಮೆರಾ ಹಿಡಿದವರೂ ಸಂಕಲನ ಮಾಡಿದವರೂ ಅವರೇ. ಬಡತನವಿದ್ದರೂ ಹಾಡಿಗೆ ಮಾತ್ರ ಕೊರತೆಯಿರಬಾರದೆಂದು, ಡೈನಾ ವಾಷಿಂಗ್ಟನ್, ಪಾಲ್ ರೋಬ್ಸನ್ ಮೊದಲಾದವರ ಧ್ವನಿಮುದ್ರಿಕೆಗಳನ್ನು ಯಥೇಚ್ಛವಾಗಿ ಬಳಸಿಕೊಂಡರು; ಆ ಹಾಡುಗಳ ಹಕ್ಕನ್ನು ಕೊಳ್ಳುವ ಹಣ ಮಾತ್ರ ಅವರಲ್ಲಿರಲಿಲ್ಲ. 1981ರಲ್ಲಿ ಬರ್ಲಿನ್ ಉತ್ಸವದಲ್ಲಿ ವಿಮರ್ಶಕರ ಬಹುಮಾನ ಬಂದಿತು; 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರ ದಾಖಲೆಗೆ ಅದು ಸೇರಿತು; ಆದರೂ ಹಾಡುಗಳ ಹಕ್ಕು ಇತ್ಯರ್ಥವಾಗಿ ಚಿತ್ರಮಂದಿರಗಳಲ್ಲಿ ಯಥಾವಿಧಿ ಬಿಡುಗಡೆಯಾದದ್ದು 2007ರಲ್ಲಿ. ಚಿತ್ರ ತಯಾರಾಗಿ ಆಗ ಮೂವತ್ತು ವರ್ಷ ಕಳೆದಿತ್ತು. ಹಾಡುಗಳ ಹಕ್ಕಿಗೆ ಕೊನೆಗೆ ತೆತ್ತ ಹಣ, ಇಡೀ ಚಿತ್ರಕ್ಕೆ ತಗುಲಿದ ವೆಚ್ಚಕ್ಕಿಂತ ಹತ್ತಾರು ಪಾಲು ಹೆಚ್ಚು!

ಕಥೆಯೆಂದು ಹೇಳಬಹುದಾದದ್ದು ಇದರಲ್ಲಿ ಹೆಚ್ಚೇನೂ ಇಲ್ಲ. ಸ್ಟ್ಯಾನ್ ಎಂಬವನು ಕಸಾಯಿಖಾನೆಯ ಕೂಲಿಯಾಳು. ಹಗಲೆಲ್ಲ ಕುರಿಗಳ ನಡುವೆ ದುಡಿದು, ರಾತ್ರಿ ನಿದ್ದೆ ಬಾರದೆ ನರಳುವವನು. ಒಲಿದು ಹತ್ತಿರ ಬರುವ ಹೆಂಡತಿಗೂ ದೂರವಾಗಿ ಹೋದವನು. ಒಂದು ದೃಶ್ಯವನ್ನು ಮಾತ್ರ ವಿಸ್ತಾರವಾಗಿ ಹೇಳುತ್ತೇನೆ. ಸ್ಟ್ಯಾನ್ ತನ್ನ ಗೆಳೆಯನೊಂದಿಗೆ ಹೋಗಿ, ಸಂಬಳದ ಹಣ ಕೊಟ್ಟು, ಹಳೆಯ ಮೋಟಾರಿನ ಎಂಜಿನ್ನೊಂದನ್ನು ಕೊಳ್ಳುತ್ತಾನೆ. ಅದನ್ನು ಇಬ್ಬರೂ ಹೆಗಲೊಡ್ಡಿ, ಉಬ್ಬಸ ಬಿಡುತ್ತ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಇಳಿಜಾರಿನಲ್ಲಿ ನಿಂತ ಗಾಡಿಯ ಹಿಂಬದಿಯ ಅಂಚಿನಲ್ಲಿ ಇಡುತ್ತಾರೆ. ಇನ್ನಷ್ಟು ಒಳಕ್ಕೆ ತಳ್ಳೋಣವೆಂದರೆ ಗೆಳೆಯನ ಬೆರಳು ನೊಂದಿದೆ. ಬೀಳುವುದಿಲ್ಲ ಬಿಡು ಎನ್ನುತ್ತಾನೆ. ಗಾಡಿ ಹೊರಟ ಕ್ಷಣದಲ್ಲಿಯೇ ಎಂಜಿನ್ ಉರುಳಿ ಬಿದ್ದು ಒಡೆಯುತ್ತದೆ. ಇಬ್ಬರೂ ಇಳಿದು ನೋಡುತ್ತಾರೆ, ಕೂಗಾಟವಿಲ್ಲ, ಜಗಳವಿಲ್ಲ, ಅದನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುತ್ತಾರೆ. ಗಾಡಿಯ ಹಿಂದಿನಿಂದ ನೋಡುವ ಕ್ಯಾಮೆರಾದ ಕಣ್ಣಿಗೆ ರಸ್ತೆಯ ನಡುವೆ ಬಿದ್ದ ಆ ಕಬ್ಬಿಣದ ಮುದ್ದೆ ಕಿರಿದಾಗುತ್ತ ಹೋಗುತ್ತದೆ. ದಾರಿದ್ರ್ಯವೆಂಬುದು ಹಣದ ಅಭಾವವಷ್ಟೇ ಅಲ್ಲ, ಪಟ್ಟ ಶ್ರಮವೂ ಕೈಗೆ ನಿಲ್ಲದ ಸ್ಥಿತಿ ಎಂಬುದನ್ನು ಇಷ್ಟು ನಿರಾಡಂಬರವಾಗಿ, ಒಂದು ಕಣ್ಣೀರಿನ ಸಹಾಯವನ್ನೂ ಕೋರದೆ ಹೇಳಿದ ಮತ್ತೊಂದು ಚಿತ್ರವನ್ನು ನಾನು ನೋಡಿಲ್ಲ.

ನಮ್ಮ ದೇಶದ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಋತ್ವಿಕ್ ಘಟಕರ ಮೊದಲ ಚಿತ್ರ ‘ನಾಗರಿಕ್’ 1952ರಲ್ಲಿಯೇ, ಎಂದರೆ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಗೆ ಮೂರು ವರ್ಷ ಮೊದಲೇ, ಸಿದ್ಧವಾಗಿದ್ದರೂ ಬಿಡುಗಡೆಯಾದದ್ದು 1977ರಲ್ಲಿ, ಅಷ್ಟು ಹೊತ್ತಿಗೆ ಘಟಕರು ತೀರಿಕೊಂಡು ವರ್ಷವಾಗಿತ್ತು. ಅದು ಕಾಲಕ್ಕೆ ಸರಿಯಾಗಿ ತೆರೆಕಂಡಿದ್ದರೆ ಭಾರತೀಯ ಚಲಚ್ಚಿತ್ರದ ಚರಿತ್ರೆಯ ಮೊದಲ ಪುಟಗಳು ಬೇರೆಯಾಗುತ್ತಿದ್ದವೇನೋ. ಆದರೂ ಓದುಗರಿಗೆ ನಾನು ಸೂಚಿಸುವುದು ‘ನಾಗರಿಕ್’ ಅಲ್ಲ, 1958ರ ‘ಅಜಾಂತ್ರಿಕ್’. ಸುಬೋಧ ಘೋಷರ ಸಣ್ಣಕಥೆಯನ್ನು ಆಧರಿಸಿದ ಈ ಚಿತ್ರದ ನಾಯಕ ಬಿಮಲ್ ಒಬ್ಬ ಟ್ಯಾಕ್ಸಿ ಚಾಲಕ. ನಾಯಿಕೆಯೋ, ‘ಜಗದ್ದಲ’ ಎಂದು ನಾಮಕರಣವಾದ ಅವನ ಲಡಕಾಸಿ ಶೆವರ್ಲೆ ಕಾರು. ಬಾಯಾರಿದ ಕಾರಿನ ರೇಡಿಯೇಟರಿಗೆ ನೀರು ಹೊಯ್ದಾಗ ಅದು ಗಟಗಟನೆ ಕುಡಿಯುವ ಸದ್ದನ್ನು ಕೇಳಿ ನಗದವರಿಲ್ಲ. ಅದೇ ಕಾರು ಮುದಿಯಾಗಿ, ಗುಜರಿಯವನ ಪಾಲಾಗುವ ಹೊತ್ತಿಗೆ ನಕ್ಕವರೇ ಮೌನಿಗಳಾಗುತ್ತಾರೆ. ಯಂತ್ರವನ್ನು ಕುರಿತು ಸಾಹಿತಿಗಳು ಶಾಪ ಹಾಕುತ್ತಿದ್ದ ಕಾಲದಲ್ಲಿ, ಯಂತ್ರದೊಂದಿಗೂ ಮನುಷ್ಯನಿಗೆ ಋಣಾನುಬಂಧವುಂಟೆಂದು ಘಟಕರು ಕಂಡದ್ದು ಸಾಮಾನ್ಯ ದರ್ಶನವಲ್ಲ.

ಅವತಾರ ಕೃಷ್ಣ ಕೌಲರ ‘27 ಡೌನ್’ ಚಿತ್ರದ ಹಣೆಬರಹ ಇನ್ನೂ ಕ್ರೂರ. ರಮೇಶ ಬಕ್ಷಿಯವರ ಹಿಂದಿ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ ಈ ಮೊದಲ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದ 1974ರಲ್ಲಿಯೇ, ನೀರಿನಲ್ಲಿ ಮುಳುಗುತ್ತಿದ್ದವರನ್ನು ಉಳಿಸಹೋಗಿ ಕೌಲರು ಪ್ರಾಣ ಕಳೆದುಕೊಂಡರು. ಮೊದಲ ಚಿತ್ರವೇ ಕೊನೆಯದಾಯಿತು. ನಿರ್ದೇಶಕನ ಎರಡನೆಯ ಮೂರನೆಯ ಕೃತಿಗಳು ಬಂದು ಮೊದಲನೆಯದರ ನೆನಪನ್ನು ಹಸುರಾಗಿಡುವ ಅವಕಾಶವೇ ಒದಗಲಿಲ್ಲ. ಚಿತ್ರಕಾರನಾಗಬಯಸಿದ ಸಂಜಯ, ಅಪಘಾತದಲ್ಲಿ ಕಾಲು ಕಳೆದುಕೊಂಡ ಎಂಜಿನ್ ಚಾಲಕ ತಂದೆಯ ಒತ್ತಾಯಕ್ಕೆ ಮಣಿದು ರೈಲ್ವೆ ಟಿಕೆಟ್ ತಪಾಸಣೆಗಾರನಾಗುತ್ತಾನೆ. ರೈಲಿನಲ್ಲಿ ಪರಿಚಯವಾಗಿ ಒಲಿದ ಶಾಲಿನಿಯನ್ನು ಬಿಟ್ಟು, ತಂದೆ ಗೊತ್ತುಮಾಡಿದ ಹೆಣ್ಣನ್ನು, ಅವಳೊಡನೆ ವರದಕ್ಷಿಣೆಯಾಗಿ ಬಂದ ಎಮ್ಮೆಗಳ ಸಮೇತ, ಸ್ವೀಕರಿಸುತ್ತಾನೆ. ಎದುರಾಡಲಾರದ, ಒಪ್ಪಿಯೂ ಬಾಳಲಾರದ ಇಂಥ ಗಂಡಸು ನಮ್ಮ ನವ್ಯ ಕಥೆಗಳ ಓದುಗರಿಗೆ ಅಪರಿಚಿತನೇನೂ ಅಲ್ಲ. ನನಗಂತೂ ಅವನಿಗಿಂತ ಆಪ್ತವಾದದ್ದು ಅವನನ್ನು ಹೊತ್ತು ಸಾಗುವ ರೈಲು. ಆಗಿನ್ನೂ ತರುಣರಾಗಿದ್ದ ಎ.ಕೆ. ಬೀರ್ ಅವರು ನಿಜವಾದ ಬೋಗಿಗಳಲ್ಲಿ, ನಿಜವಾದ ನಿಲ್ದಾಣಗಳಲ್ಲಿ ಕ್ಯಾಮೆರಾ ಹಿಡಿದು ತೆಗೆದ ದೃಶ್ಯಗಳು ಐವತ್ತು ವರ್ಷಗಳ ಹಿಂದಿನ ಮುಂಬಯಿಯ ದಸ್ತಾವೇಜೂ ಹೌದು. ಬೋಗಿಗಳಿಂದ ಹೊರಚೆಲ್ಲಿದ ಜನ ಇಡೀ ಪ್ಲಾಟ್‌ಫಾರಂ ತುಂಬಿಕೊಳ್ಳುವ ಒಂದು ನೋಟಕ್ಕಾಗಿಯಾದರೂ ಇದನ್ನು ನೋಡಬೇಕು.

ಇನ್ನು, ಅಳತೆಯೇ ಅಡ್ಡಿಯಾದ ಕೃತಿಯೊಂದುಂಟು. ಪರ್ಷಿಯನ್ ಭಾಷೆಯ ಕವಯಿತ್ರಿ ಫರೂಗ್ ಫರ್ರುಖ್‌ಜಾದ್, ಇರಾನಿನ ತಬ್ರೀಜ್ ನಗರದ ಬಳಿಯ ಕುಷ್ಠರೋಗಿಗಳ ವಸತಿಯಲ್ಲಿ 1962ರಲ್ಲಿ ಚಿತ್ರಿಸಿದ ‘ದಿ ಹೌಸ್ ಈಸ್ ಬ್ಲ್ಯಾಕ್’ ಇಪ್ಪತ್ತು ನಿಮಿಷಗಳಿಗೆ ತುಸುವೇ ಹೆಚ್ಚಿನದು. ಟಿಕೆಟ್ ಮಾರಿ ತೋರಿಸುವವರಿಗೆ ಅಷ್ಟು ಕಿರಿದಾದ ಚಿತ್ರದಿಂದ ಪ್ರಯೋಜನವಿಲ್ಲ. 1967ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಮೋಟಾರು ಅಪಘಾತದಲ್ಲಿ ಮಡಿದ ಆಕೆ ನಿರ್ದೇಶಿಸಿದ್ದು ಇದೊಂದನ್ನೇ. ಚಿತ್ರದಲ್ಲಿ ಎರಡು ಧ್ವನಿಗಳು ಕೇಳಿಬರುತ್ತವೆ: ರೋಗದ ಲಕ್ಷಣಗಳನ್ನೂ ಅದು ಗುಣವಾಗುವುದೆಂಬುದನ್ನೂ ವೈದ್ಯಶಾಸ್ತ್ರದ ನಿರ್ಲಿಪ್ತತೆಯಿಂದ ಹೇಳುವ ಗಂಡುಧ್ವನಿ ಒಂದು, ಧರ್ಮಗ್ರಂಥಗಳ ವಾಕ್ಯಗಳನ್ನೂ ತನ್ನ ಕವಿತೆಗಳನ್ನೂ ಓದುವ ಕವಯಿತ್ರಿಯ ಧ್ವನಿ ಇನ್ನೊಂದು. ವಿಕಾರಗೊಂಡ ಮುಖಗಳಿಂದ ಕ್ಯಾಮೆರಾ ದೃಷ್ಟಿ ತಿರುಗಿಸುವುದಿಲ್ಲ. ಅವುಗಳನ್ನು ದಿಟ್ಟಿಸಿ ಕುತೂಹಲವನ್ನು ತಣಿಸಿಕೊಳ್ಳುವುದೂ ಇಲ್ಲ. ಹೆಂಗಸೊಬ್ಬಳು ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಳ್ಳುತ್ತಾಳೆ, ಮದುವೆಯ ವಾದ್ಯ ಮೊಳಗುತ್ತದೆ, ಮಕ್ಕಳು ಚೆಂಡಾಡುತ್ತಾರೆ. ಶಾಲೆಯಲ್ಲಿ ಮೇಷ್ಟರು, ಕುರೂಪವಾದ ಕೆಲವು ವಸ್ತುಗಳನ್ನು ಹೆಸರಿಸೆಂದು ಹುಡುಗನೊಬ್ಬನನ್ನು ಕೇಳಿದಾಗ, ಅವನು ಕೈ, ಕಾಲು, ತಲೆ ಎಂದು ಎಣಿಸತೊಡಗಲು, ತರಗತಿಯ ಹುಡುಗರೆಲ್ಲ ಗೊಳ್ಳೆಂದು ನಗುತ್ತಾರೆ. ಅನುಕಂಪದಿಂದ ನೋಡಹೋದವನನ್ನು ಆ ನಗೆ ತಬ್ಬಿಬ್ಬಾಗಿಸಿಬಿಡುತ್ತದೆ.

ಕನ್ನಡದ ಮಾತಿಗೆ ಬಂದರೆ, ನಮ್ಮಲ್ಲಿ ಮರೆವಿನ ಬಗೆ ಬೇರೊಂದು. ಹೆಸರು ಎಲ್ಲರಿಗೂ ಗೊತ್ತು, ನೋಡಿದವರು ಮಾತ್ರ ವಿರಳ. ಲಂಕೇಶರು ತಮ್ಮ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ಯನ್ನಾಗಿಸಿ ಶ್ರೇಷ್ಠ ನಿರ್ದೇಶಕರೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು, ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ತೆರೆಗೆ ತಂದದ್ದು, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಸಾಲಿನ ಸ್ವರ್ಣಕಮಲ ಗಳಿಸಿದ್ದು, ಇವೆಲ್ಲ ಸ್ಪರ್ಧಾಪರೀಕ್ಷೆಯ ಅಭ್ಯರ್ಥಿಗಳಿಗೆ ಕಂಠಪಾಠ. ಆದರೆ ‘ಘಟಶ್ರಾದ್ಧ’ದಲ್ಲಿ ವೇದಪಾಠಶಾಲೆಯ ಪುಟ್ಟ ನಾಣಿಯ ಕಣ್ಣಿನಿಂದ, ಅವನಿಗೆ ಪೂರ್ತಿ ಅರ್ಥವಾಗದ ರೀತಿಯಲ್ಲಿಯೇ, ಯಮುನಕ್ಕನ ದುರಂತವನ್ನು ಕಂಡವರೆಷ್ಟು ಮಂದಿ? ಆ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಜೀರ್ಣೋದ್ಧಾರ ಮಾಡಿಸಿ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಕನ್ನಡದ ಚಿತ್ರ ಹೊಸ ಕಾಂತಿಯಿಂದ ಮೊದಲು ಇಟಲಿಯವರ ಕಣ್ಣಿಗೆ ಬಿದ್ದದ್ದು ಸಂತೋಷವೋ ಸಂಕೋಚವೋ ವಾಚಕರೇ ನಿರ್ಣಯಿಸಲಿ.

ಇವೆಲ್ಲ ಪಂಡಿತರಿಗೆ ಮೀಸಲಾದ ಚಿತ್ರಗಳೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಎಪ್ಪತ್ತರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ ಹೆಗ್ಗೋಡಿನಂಥ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದಾಗ, ಕುಳಿತು ನೋಡಿದವರಲ್ಲಿ ಅಡಿಕೆ ತೋಟದಿಂದ ಬಂದವರಿದ್ದರು. ಅವರಿಗಿದ್ದದ್ದು ಸಾವಧಾನವೊಂದೇ, ಮತ್ತು ಈ ಚಿತ್ರಗಳು ಬೇಡುವುದೂ ಅದನ್ನೇ. ಕಥೆ ಯಾವಾಗ ಆರಂಭವಾಗುತ್ತದೆಂದು ಗಡಿಯಾರ ನೋಡುವವನು ‘27 ಡೌನ್’ ಚಿತ್ರದ ಅರ್ಧಕ್ಕೇ ಎದ್ದುಹೋಗುವನು. ಆದುದರಿಂದ ಈ ಬಗೆಯ ಚಿತ್ರಗಳಿಗೆ ಹೊಸಬರಾದವರು ಫರ್ರುಖ್‌ಜಾದರ ಚಿತ್ರದಿಂದ ಆರಂಭಿಸುವುದು ಲೇಸು: ಊಟಕ್ಕೆ ಕೂತೆದ್ದಷ್ಟು ಹೊತ್ತೂ ಅದು ಕೇಳುವುದಿಲ್ಲ. ಅನಂತರ ‘ಘಟಶ್ರಾದ್ಧ’, ಅದನ್ನು ನಿಮ್ಮೂರಿನ ಚಿತ್ರಸಮಾಜ ತೋರಿಸದಿದ್ದರೆ, ತೋರಿಸಿರೆಂದು ಒಂದು ಕಾಗದ ಬರೆಯಿರಿ.