ಹಳೆಯ ಕಾರಿಗೆ ಮಂಜಿನ ದೀಪ

ಕಾಸರಗೋಡಿನವರಿಗೆ ಮಂಜಿನ ದೀಪ ಯಾಕೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಸಮುದ್ರದ ಬದಿಯಲ್ಲಿ ಕುಳಿತ ನಮಗೆ ಮಳೆ ಗೊತ್ತು, ಸೆಕೆ ಗೊತ್ತು. ಮಂಜು ಎಂದರೆ ಧನು ತಿಂಗಳ ಬೆಳಗ್ಗೆ ಅಡಿಕೆ ತೋಟದ ಮೇಲೆ ಒಂದು ಗಳಿಗೆ ನಿಂತು ಹೋಗುವ ವಸ್ತು. ಆದರೆ ಚೆರ್ಕಳದಲ್ಲಿ ಹೆದ್ದಾರಿ ಬಿಟ್ಟು ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆಗೆ ಮುಟ್ಟಿದರೆ ಅಲ್ಲಿಂದ ಮುಂದಿನ ಲೋಕವೇ ಬೇರೆ. ಆಟಿ ತಿಂಗಳಲ್ಲಿ ಕೊಯನಾಡಿನಿಂದ ಮಡಿಕೇರಿಯವರೆಗೆ ಹಗಲು ಹೊತ್ತಿನಲ್ಲೇ ಬಸ್ಸುಗಳು ದೀಪ ಹಾಕಿಕೊಂಡು ಬರುತ್ತವೆ. ನಮ್ಮ ಮಗಳನ್ನು ಕೊಟ್ಟದ್ದು ಮಡಿಕೇರಿಗೆ. ಆದುದರಿಂದ ಈ ಘಟ್ಟ ನಮಗೆ ಮನೆಯ ಅಂಗಳದಂತೆ ಆಗಿಬಿಟ್ಟಿದೆ.

ಕಳೆದ ವರ್ಷ ಆಟಿಯ ಒಂದು ರಾತ್ರಿ ಅಲ್ಲಿಂದ ಮರಳುತ್ತಿದ್ದೆವು. ಹೊರಡುವಾಗಲೇ ತಡವಾಗಿತ್ತು. ಮದೆನಾಡು ಕಳೆದ ಮೇಲೆ ಮಂಜು ಹೇಗೆ ಬಂತೆಂದರೆ ಕಾರಿನ ಬಾನೆಟ್ಟಿನ ತುದಿಯೂ ಕಾಣದು. ಕಾಣುವುದಿಲ್ಲವೆಂದು ದೀಪವನ್ನು ಮೇಲಕ್ಕೆ ಹಾಕಿದೆವು. ಎದುರಿಗೆ ಬಿಳಿಯ ಗೋಡೆ ಎದ್ದು ನಿಂತಿತು. ಒಂದು ತಿರುವಿನಲ್ಲಿ ಎಡಗಡೆಯ ಚಕ್ರ ಡಾಮರು ಬಿಟ್ಟು ಜಲ್ಲಿಯ ಮೇಲೆ ಇಳಿದ ಶಬ್ದ ಕೇಳಿಸಿತು. ಬ್ರೇಕು ತುಳಿದು ನಿಲ್ಲಿಸಿ ಇಳಿದು ನೋಡಿದರೆ ಚಕ್ರಕ್ಕೂ ಚರಂಡಿಗೂ ನಡುವೆ ಒಂದು ಗೇಣು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜೋಡುಪಾಲ ಅಲ್ಲಿಂದ ದೂರವಿರಲಿಲ್ಲ. ಮನೆಯಾಕೆ ಟಾರ್ಚು ಹಿಡಿದುಕೊಂಡು ಮುಂದೆ ನಡೆದರು, ನಾವು ಹಿಂದಿನಿಂದ ಕಾರನ್ನು ಮೆಲ್ಲಗೆ ಬಿಟ್ಟೆವು. ಅದೂ ಅಪಾಯದ ಕೆಲಸವೇ. ಹಿಂದಿನಿಂದ ಲಾರಿಯೊಂದು ಬಂದಿದ್ದರೆ ಇದನ್ನು ಬರೆಯಲು ನಾವಿರುತ್ತಿರಲಿಲ್ಲ. ಸಂಪಾಜೆಯಲ್ಲಿ ಚಹಾ ಕುಡಿಯುವಾಗ ಅವರು ಹೇಳಿದ್ದು ಒಂದೇ ಮಾತು: "ಇನ್ನು ರಾತ್ರಿ ಈ ಕಾರಿನಲ್ಲಿ ಘಟ್ಟ ಇಳಿಯುವುದಾದರೆ ನೀವೊಬ್ಬರೇ ಇಳಿಯಿರಿ."

ನಮ್ಮದು 2007ರ ಮಾರುತಿ 800. ಹದಿನೈದು ವರ್ಷ ತುಂಬಿ, ಪರೀಕ್ಷೆಗೆ ನಿಲ್ಲಿಸಿ, ಮತ್ತೆ ಐದು ವರ್ಷಕ್ಕೆ ನೋಂದಣಿ ಮಾಡಿಸಿಕೊಂಡ ಗಾಡಿ. ಬದಲಾಯಿಸಲು ಹಣವಿಲ್ಲ, ಮನಸ್ಸೂ ಇಲ್ಲ. ಹಾಗಾದರೆ ದೀಪವನ್ನಾದರೂ ಹಾಕಿಸೋಣವೆಂದು ಪೇಟೆಗೆ ಹೋದೆವು.

ಅಂಗಡಿಯ ಹುಡುಗನಲ್ಲಿ ನಮ್ಮ ಹರಕು ಮಲಯಾಳದಲ್ಲಿ ಮಂಜಿನ ದೀಪ ಬೇಕೆಂದೆವು. ಆತ ಹಳದಿ ಗಾಜಿನ ದೀಪಗಳನ್ನೇ ತಂದು ಸಾಲಾಗಿ ಇಟ್ಟ. ತಪ್ಪು ಆತನದಲ್ಲ. ಮಲಯಾಳದಲ್ಲಿ 'ಮಞ್ಞ್' ಎಂದರೆ ಮಂಜು, 'ಮಞ್ಞ' ಎಂದರೆ ಹಳದಿ. ಬಾಲ ಸ್ವಲ್ಪ ಎಳೆದರೆ ಅರ್ಥ ಹಾರಿತು. ತುಳುವಿನವರಿಗೂ 'ಮಂಜಲ್' ಎಂದರೆ ಅರಶಿನವಷ್ಟೆ. ಮೂರು ಭಾಷೆಯ ಊರಿನಲ್ಲಿ ವ್ಯಾಪಾರ ಹೀಗೆಯೇ ನಡೆಯುತ್ತದೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆಂಬ ನಂಬಿಕೆಯೂ ಬಹಳ ಹಳೆಯದು. ಫ್ರಾನ್ಸ್ ದೇಶದಲ್ಲಂತೂ 1993ರವರೆಗೆ ಕಾರುಗಳಿಗೆಲ್ಲ ಹಳದಿ ದೀಪವೇ ಕಡ್ಡಾಯವಾಗಿತ್ತು. ವಾಸ್ತವದಲ್ಲಿ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಅವು ಬಿಳಿ ಹಳದಿ ಎಂಬ ಭೇದವಿಲ್ಲದೆ ಎಲ್ಲವನ್ನೂ ಒಂದೇ ರೀತಿ ಚದುರಿಸುತ್ತವೆ. ದೀಪದ ಗುಣವಿರುವುದು ಬಣ್ಣದಲ್ಲಲ್ಲ, ಅದು ಕುಳಿತ ಜಾಗದಲ್ಲಿ ಮತ್ತು ಕಿರಣದ ಆಕಾರದಲ್ಲಿ. ಕೆಳಗೆ ಕುಳಿತು, ಅಗಲಕ್ಕೆ ಹರಡಿ, ಮೇಲ್ಗಡೆ ಚಾಕುವಿನಿಂದ ಕತ್ತರಿಸಿದಂತೆ ನಿಲ್ಲುವ ಬೆಳಕು ಬೇಕು. ಆಗ ಅದು ನಮ್ಮ ಕಣ್ಣಿನ ಎದುರಿನ ಮಂಜನ್ನು ಬೆಳಗದೆ ರಸ್ತೆಯ ಅಂಚನ್ನು ಬೆಳಗುತ್ತದೆ.

ಆದುದರಿಂದ ಕೊಳ್ಳುವ ಮೊದಲು ಅಂಗಡಿಯ ಬ್ಯಾಟರಿಗೆ ಸಿಕ್ಕಿಸಿ ಗೋಡೆಗೆ ಹಿಡಿಯಲು ಹೇಳಬೇಕು. ಮೇಲಿನ ಗೆರೆ ನೇರವಾಗಿ ಕಂಡರೆ ಸರಿ. ಈಗ ಎಲ್ಲೆಲ್ಲೂ ಕಾಣುವ ಅಗ್ಗದ ಎಲ್‌ಇಡಿ ಪಟ್ಟಿಗಳನ್ನು ಹಿಡಿಸಿ ನೋಡಿದೆವು. ಗೋಡೆಯ ಜೊತೆಗೆ ಮಾಡನ್ನೂ ಬೆಳಗಿದವು. ಅಂಥದ್ದು ಮಂಜಿನಲ್ಲಿ ನಮ್ಮನ್ನೂ ಮಂಜಿಲ್ಲದ ಕಡೆ ಎದುರಿನವನನ್ನೂ ಕುರುಡು ಮಾಡುವಂಥದ್ದು. ಕೊನೆಗೆ 55 ವಾಟಿನ ಎಚ್3 ಬಲ್ಬಿನ ಒಂದು ಜೊತೆ ದೀಪವನ್ನು 900 ರೂಪಾಯಿಗೆ ತಂದೆವು. ಹಳದಿಯೇ, ಹುಡುಗನ ಮನಸ್ಸು ಮುರಿಯಲಿಲ್ಲ.

ಇಲ್ಲಿ ನಮ್ಮ ಮೂರ್ಖತನವನ್ನೂ ಹೇಳಿಬಿಡಬೇಕು. ಎರಡು ತಂತಿ ಜೋಡಿಸಲು ಮೇಸ್ತ್ರಿ ಯಾಕೆ ಎಂದು ಭಾನುವಾರ ಅಂಗಳದಲ್ಲಿ ನಾವೇ ಕುಳಿತೆವು. ಪಾರ್ಕಿಂಗ್ ದೀಪದ ತಂತಿಯನ್ನು ಸುಲಿದು, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ. ಉರಿಯಿತು. ಮನೆಯವರೆಲ್ಲ ನೋಡಿ ಮೆಚ್ಚಿದರು. ಆ ಸಂಜೆಯೇ ಮುಳ್ಳೇರಿಯದ ಕಡೆಗೆ ಒಂದು ಸುತ್ತು ಹೋದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಸ್ವಿಚ್ಚನ್ನು ಮುಟ್ಟಿದರೆ ಕೈ ಸುಟ್ಟಿತು. ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು: ಎರಡು ದೀಪಕ್ಕೆ 110 ವಾಟು, 12 ವೋಲ್ಟಿಗೆ ಭಾಗಿಸಿದರೆ 9 ಆಂಪಿಯರಿಗೂ ಮೇಲೆ. ಒಂದು ಪುಟ್ಟ ಬಲ್ಬಿಗೆಂದು ಹಾಕಿದ ಕೂದಲಿನಂಥ ತಂತಿ ಅದನ್ನು ಹೊರುವುದುಂಟೆ? ಹಳೆಯ ಕಾರುಗಳು ಬೆಂಕಿ ಹಿಡಿಯುವುದು ಇಂಥ ಭಾನುವಾರದ ಕೆಲಸಗಳಿಂದಲೇ.

ಮರುದಿನ ವಿದ್ಯಾನಗರದ ಒಬ್ಬ ಆಟೋ ಇಲೆಕ್ಟ್ರೀಶಿಯನ್ ಬಳಿ ಹೋದೆವು. ಅವರು ನಮ್ಮ ತಂತಿಗಳನ್ನು ನೋಡಿ ಏನೂ ಹೇಳಲಿಲ್ಲ. ಎಲ್ಲವನ್ನೂ ಕಿತ್ತು ಬುಟ್ಟಿಗೆ ಹಾಕಿದರು. ಮತ್ತೆ ಒಂದು ರಿಲೇ ತೆಗೆದುಕೊಂಡರು. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಈ ಡಬ್ಬಿಯ ಕೆಲಸ ಬಹು ಸರಳ: ಒಳಗಿನ ಸುರುಳಿಗೆ ಅಲ್ಪ ಕರೆಂಟು ಹೋದರೆ ಅದು ಅಯಸ್ಕಾಂತವಾಗಿ ದೊಡ್ಡ ಕರೆಂಟಿನ ದಾರಿಯನ್ನು ಮುಚ್ಚುತ್ತದೆ. ಬ್ಯಾಟರಿಯಿಂದ ದಪ್ಪ ತಂತಿ, ಬ್ಯಾಟರಿಯ ಬುಡದಲ್ಲೇ 15 ಆಂಪಿಯರಿನ ಫ್ಯೂಸು, ಅಲ್ಲಿಂದ ರಿಲೇಯ 30ನೇ ಕಾಲಿಗೆ. 87ನೇ ಕಾಲಿನಿಂದ ಎರಡು ದೀಪಗಳಿಗೆ. 85 ಬಾಡಿಗೆ. 86 ಸ್ವಿಚ್ಚಿಗೆ. ಸ್ವಿಚ್ಚಿಗೆ ಕರೆಂಟು ಮೊದಲಿನಂತೆ ಪಾರ್ಕಿಂಗ್ ದೀಪದಿಂದಲೇ, ಆದರೆ ಈಗ ಆ ತೆಳು ತಂತಿಗೆ ಭಾರವಿಲ್ಲ. ಮೇಲಾಗಿ ಪಾರ್ಕಿಂಗ್ ದೀಪ ಆರಿಸಿದರೆ ಇದೂ ಆರುತ್ತದೆ, ಮರೆತು ಬಿಟ್ಟು ಬ್ಯಾಟರಿ ಇಳಿಸಿಕೊಳ್ಳುವ ಭಯವಿಲ್ಲ. ಫ್ಯೂಸು ಬ್ಯಾಟರಿಯ ಹತ್ತಿರವೇ ಯಾಕೆ ಎಂದು ಕೇಳಿದೆವು. "ನಡುವೆ ತಂತಿ ಉಜ್ಜಿ ಬಾಡಿಗೆ ತಾಗಿದರೆ ದೂರದ ಫ್ಯೂಸು ಏನು ಮಾಡುತ್ತದೆ ಸಾರ್?" ಎಂದರು.

ಬಾಡಿಗೆ ತಂತಿ ಕಟ್ಟುವಲ್ಲಿ ಪೈಂಟನ್ನು ಬೆಳ್ಳಗಾಗುವವರೆಗೆ ಕೆರೆದು, ಬೋಲ್ಟು ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿದರು. ಉಪ್ಪು ಗಾಳಿಯ ನಮ್ಮ ಊರಿಗೆ ಇದು ಅಗತ್ಯ. ಹಳೆಯ ಕಾರುಗಳ ದೀಪ ಮಂಕಾಗುವುದು ಎಷ್ಟೋ ಸಲ ಈ ತುಕ್ಕಿನಿಂದಲೇ. ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಹೆಚ್ಚು ಕಾದು ಒಡೆಯುತ್ತದೆ. ರಿಲೇಯನ್ನು ಕಾಲು ಕೆಳಗಾಗಿ ನಿಲ್ಲಿಸಿದರು, ನೀರು ಕೂರದಂತೆ. ರಿಲೇ, ತಂತಿ, ಕೂಲಿ ಎಲ್ಲ ಸೇರಿ 850 ರೂಪಾಯಿ.

ಮುಖ್ಯವಾದದ್ದು ದೀಪದ ನೋಟ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಹೆಡ್‌ಲೈಟಿಗಿಂತ ಕೆಳಗೆ, ಬಂಪರಿನಡಿಯಲ್ಲಿ ಕೂರಿಸಿ, ಗೋಡೆಯಿಂದ 25 ಅಡಿ ದೂರದಲ್ಲಿ ಕಾರು ನಿಲ್ಲಿಸಿ, ಬೆಳಕಿನ ಮೇಲ್ಗೆರೆ ದೀಪದ ಎತ್ತರಕ್ಕಿಂತ 4 ಇಂಚು ಕೆಳಗೆ ಬೀಳುವಂತೆ ತಿರುಗಿಸಿದೆವು. ಹಾಗೆ ಇಳಿಯುವ ಬೆಳಕು ಸುಮಾರು 110 ಅಡಿಯಲ್ಲಿ ನೆಲ ಮುಟ್ಟುತ್ತದೆ. ಒದ್ದೆ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ನಿಲ್ಲಲು 80 ಅಡಿಯಷ್ಟು ಬೇಕು. 60ರಲ್ಲಿ 150 ಅಡಿ ಸಾಲದು. ದಟ್ಟ ಮಂಜಿನಲ್ಲಿ ಅಷ್ಟು ದೂರವೂ ಕಾಣದು, ಆಗ 20ರಲ್ಲಿ ಹೋಗಬೇಕು. ದೀಪ ಹಾಕಿದ ಧೈರ್ಯದಲ್ಲಿ ಓಡಿಸುವವರಿಗೆ ಈ ಲೆಕ್ಕ.

ಕಾನೂನಿನ ಮಾತೂ ಒಂದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 111ನೆಯದು ಸ್ಪಾಟ್‌ಲೈಟ್, ಸರ್ಚ್‌ಲೈಟುಗಳನ್ನು ನಿಷೇಧಿಸುತ್ತದೆ. ಚಾವಣಿಯ ಮೇಲೆ ಸೂರ್ಯನನ್ನು ಕಟ್ಟಿಕೊಂಡು ತಿರುಗುವ ಜೀಪಿನವರಿಗೆ ಇದು ತಿಳಿದಿದ್ದರೂ ತಿಳಿಯದಂತಿರುತ್ತಾರೆ. ತಗ್ಗಿನಲ್ಲಿ ಕುಳಿತ ಮಂಜಿನ ದೀಪದ ಸಂಗತಿ ಬೇರೆ. ಆದರೂ ಮಂಜಿಲ್ಲದಾಗ ಆರಿಸುವುದೇ ಮರ್ಯಾದೆ.

ಈ ವರ್ಷ ಆಟಿಯಲ್ಲಿ ಮತ್ತೆ ಹೋಗಿ ಬಂದೆವು. ಮನೆಯಾಕೆಯೂ ಬಂದರು. ಅದೇ ತಿರುವಿನಲ್ಲಿ ಹೆಡ್‌ಲೈಟು ತಗ್ಗಿಸಿ ಕೆಳಗಿನ ದೀಪ ಹಾಕಿದಾಗ ರಸ್ತೆಯಂಚಿನ ಬಿಳಿಗೆರೆ, ಅದರಾಚೆ ಚರಂಡಿಯ ಕಲ್ಲು, ಕಲ್ಲಿನ ಮೇಲಿನ ಹಾವಸೆ ಕೂಡ ಕಂಡಿತು. ದೂರ ಏನೂ ಕಾಣಲಿಲ್ಲ. ಕಾಣುವಷ್ಟು ದೂರಕ್ಕೆ ತಕ್ಕಂತೆ ಇಳಿದೆವು. ಮನೆಯಾಕೆ ಟಾರ್ಚನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು, ಹೊತ್ತಿಸಲಿಲ್ಲ.

ಅಗ್ಗದ ಮಾಲಿನ ಗುಣ ಮಾತ್ರ ಬಿಡಲಿಲ್ಲ. ಎಡಗಡೆಯ ದೀಪದ ಗಾಜಿನೊಳಗೆ ನೀರಿನ ಹನಿ ಕೂತಿದೆ. ಮೇಲ್ಗಡೆಗೆ ಸಿಲಿಕೋನ್ ಬಳಿದು, ಒಳಗಿನ ಆವಿ ಹೋಗಲು ಕೆಳಗೆ ಸಂದು ಬಿಡಬೇಕಂತೆ. ಈ ಭಾನುವಾರ ಕಳಚಬೇಕು. ಈ ಸಲ ಕೇಳಿಕೊಂಡೇ ಕಳಚುತ್ತೇವೆ.